ರಿಪೋರ್ಟ್ ಎಲ್ಲ ನಾರ್ಮಲ್, ಆದರೂ ಮೈಕೈ ನೋವು

ನಾನು ಹಳ್ಳಿಯ ಉಪಕೇಂದ್ರವೊಂದರಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಊರಿನವರಿಗೆ ಅಷ್ಟುದ್ದದ ಹೆಸರು ಬೇಡ, ಸಿಸ್ಟರ್ ಅಂದರೆ ಸಾಕು. ಬಿಪಿ, ಶುಗರ್ ನೋಡುತ್ತಲೇ ಈ ಕೆಲಸದಲ್ಲಿ ಖಿನ್ನತೆಯ ಬಗ್ಗೆ ಕಲಿತ ಒಂದು ವಿಷಯ ಬರೆಯುತ್ತಿದ್ದೇನೆ.

"ಮನಸ್ಸಿಗೆ ಬೇಜಾರು" ಅಂತ ಹೇಳಿಕೊಂಡು ಬರುವ ಹೆಂಗಸರು ಇಲ್ಲಿ ತೀರಾ ಅಪರೂಪ. ಅವರು ಹೇಳುವುದು ಮೈಕೈ ನೋವು, ತಲೆಭಾರ, ಎದೆ ಡವಡವ, ಸುಸ್ತು, ಗ್ಯಾಸ್, ಬಿಳಿ ಹೋಗುವುದು. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಇಸಿಜಿ, ಹೊಟ್ಟೆ ಸ್ಕ್ಯಾನ್, ಬೆನ್ನಿನ ಎಕ್ಸ್‌ರೇ, ಬೇರೆ ಬೇರೆ ಡಾಕ್ಟರ ಚೀಟಿಗಳು. "ಎಲ್ಲಾ ನಾರ್ಮಲ್ ಅಂದ್ರು ಸಿಸ್ಟರ್. ಒಂದು ಗ್ಲೂಕೋಸ್ ಹಾಕ್ಬಿಡಿ, ಸರಿಹೋಗ್ತದೆ."

ಆ ಕವರ್ ದಪ್ಪಗಿದ್ದಷ್ಟೂ ನಾನು ಹೆಚ್ಚು ಹೊತ್ತು ಕೂರಿಸಿಕೊಂಡು ಮಾತಾಡಿಸುತ್ತೇನೆ.

ಖಿನ್ನತೆಯ ನೋವು ನಾಟಕದ ನೋವಲ್ಲ. ಮನಸ್ಸನ್ನು ಹದದಲ್ಲಿಡುವ ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳೇ ಮೈಯಿಂದ ಮೆದುಳಿಗೆ ಹೋಗುವ ನೋವನ್ನೂ ತಗ್ಗಿಸುತ್ತವೆ. ಅಲ್ಲಿ ಏರುಪೇರಾದರೆ ಸಣ್ಣ ನೋವೂ ದೊಡ್ಡದಾಗುತ್ತದೆ. ನಿದ್ದೆ ಕೆಟ್ಟರಂತೂ ಕೇಳುವುದೇ ಬೇಡ. ಬಿಳಿ ಹೋಗುವ ದೂರಿನ ಬಗ್ಗೆ ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಸಂಗಡಿಗರು ದೊಡ್ಡ ಅಧ್ಯಯನವನ್ನೇ ಮಾಡಿದ್ದಾರೆ. ಸೋಂಕಿಗಿಂತ ಮನಸ್ಸಿನ, ಸಂಸಾರದ ಕಷ್ಟಗಳ ಜೊತೆಗೇ ಅದರ ನಂಟು ಜಾಸ್ತಿ ಎಂದು ಕಂಡುಬಂತು.

ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ಫಾರಂನಲ್ಲಿ ಇದಕ್ಕೆಂದೇ ಎರಡು ಪ್ರಶ್ನೆಗಳಿವೆ. ಕಳೆದ 2 ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿತ್ತಾ? ಮನಸ್ಸು ಕುಗ್ಗಿತ್ತಾ? ಎಷ್ಟು ದಿನ ಹಾಗಿತ್ತು ಅನ್ನುವುದರ ಮೇಲೆ ಅಂಕ. ಎರಡೂ ಸೇರಿ 3ಕ್ಕಿಂತ ಜಾಸ್ತಿ ಬಂದರೆ ನಮ್ಮ ಹತ್ತಿರ ಕಳಿಸಬೇಕು. ಪ್ರಶ್ನೆ ಚೆನ್ನಾಗಿದೆ. ಆದರೆ ಕೇಳುವುದು ಜಗಲಿಯಲ್ಲಿ, ಪಕ್ಕದಲ್ಲಿ ಅತ್ತೆ. ಸೊನ್ನೆ ಬಿಟ್ಟು ಇನ್ನೇನು ಬರುತ್ತೆ ಹೇಳಿ.

ಅದಕ್ಕೇ ನಾನು ಅತ್ತೆಯವರನ್ನು ಬಿಪಿ ನೋಡಿಸಲು ನಮ್ಮ ಎಎನ್‌ಎಂ (ಆರೋಗ್ಯ ಸಹಾಯಕಿ) ಹತ್ತಿರ ಕಳಿಸಿ, ಸೊಸೆಯನ್ನು ಒಳಗಿನ ಕೋಣೆಯಲ್ಲಿ ಕೂರಿಸುತ್ತೇನೆ. ಮೊದಲು ನೋವಿನ ಮಾತೇ ಪೂರ್ತಿ ಆಗಲಿ. ಆಮೇಲೆ ನಿದ್ದೆ.

"ರಾತ್ರಿ ನಿದ್ದೆ ಹೆಂಗಕ್ಕಾ?"

"ಮೂರು ಗಂಟೆಗೆ ಎಚ್ಚರ ಆದ್ರೆ ಮುಗೀತು, ಸೂರು ನೋಡ್ಕೊಂಡು ಬಿದ್ದಿರ್ತೀನಿ."

"ಧಾರಾವಾಹಿ ನೋಡ್ತೀರಾ ಈಗ?"

"ಮಕ್ಕಳು ಹಾಕಿರ್ತವೆ. ಏನು ನಡೀತಿದೆ ಅಂತಾನೇ ತಲೆಗೆ ಹೋಗಲ್ಲ."

ಜಾತ್ರೆಗೆ ಹೋಗಿದ್ರಾ, ತವರಿಗೆ ಹೋಗಿ ಎಷ್ಟು ದಿನ ಆಯ್ತು, ಹೂವು ಮುಡಿಯೋದು ಯಾಕೆ ಬಿಟ್ರಿ. ಫಾರಂನಲ್ಲಿರುವ "ಆಸಕ್ತಿ" ಅಂದರೆ ನಮ್ಮ ಕಡೆ ಇಷ್ಟೇ. ಸಾಮಾನ್ಯವಾಗಿ ತವರಿನ ಮಾತು ಬಂದಾಗ ಕಣ್ಣು ತುಂಬುತ್ತದೆ.

ಹಾಗಂತ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ಇದರಲ್ಲಿ ನಾನು ಸ್ವಲ್ಪ ಹಟಮಾರಿ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಸುಸ್ತಿಗೆ ಅದೊಂದೇ ಸಾಕು. ಥೈರಾಯ್ಡ್ ಕಡಿಮೆ ಇದ್ದರೂ ಸುಸ್ತು, ಮಂಕು, ಮೈ ಭಾರ ಥೇಟ್ ಹೀಗೇ ಇರುತ್ತದೆ. ಹಾಗಾಗಿ ಹಿಮೋಗ್ಲೋಬಿನ್ ನಾನೇ ನೋಡುತ್ತೇನೆ, ಥೈರಾಯ್ಡ್ ಪರೀಕ್ಷೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರೆಯುತ್ತೇನೆ. ಹೊಸದಾಗಿ ಎದೆನೋವು, ಬೆವರು, ಉಸಿರುಗಟ್ಟುವುದು ಅಂದರೆ ಮೊದಲು ಇಸಿಜಿ, ಮಾತು ಆಮೇಲೆ. "ಹೆಂಗಸರಿಗೆ ಟೆನ್ಷನ್" ಅಂತ ಸಾಗಹಾಕಿ ಹಾರ್ಟ್ ಅಟ್ಯಾಕ್ ತಪ್ಪಿಹೋಗುವುದೂ ಇದೆಯಲ್ವಾ.

ಇನ್ನೊಂದು ಪ್ರಶ್ನೆ ಕೇಳಲು ನಮ್ಮವರೇ ಹಿಂಜರಿಯುತ್ತಾರೆ: "ಬದುಕೋದೇ ಬೇಡ ಅನ್ಸಿದ್ಯಾ?" ಕೇಳಿದರೆ ಆ ಯೋಚನೆ ಹೊಸದಾಗಿ ತಲೆಗೆ ಬರುವುದಿಲ್ಲ, ಧೈರ್ಯವಾಗಿ ಕೇಳಬಹುದು. ಹೌದು ಅಂದರೆ, ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿ ಎಲ್ಲಿಟ್ಟಿದ್ದಾರೆ ಎಂದು ಕೇಳುತ್ತೇನೆ. ಅದು ಬೀಗದೊಳಗೆ ಹೋಗಬೇಕು ಅಥವಾ ಮನೆಯಿಂದಾಚೆ ಹೋಗಬೇಕು. ಅವರನ್ನು ಒಬ್ಬರೇ ವಾಪಸ್ ಕಳಿಸುವುದಿಲ್ಲ, ಅವತ್ತೇ ಡಾಕ್ಟರ ಹತ್ತಿರ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಚೀಟಿಯ ಹಿಂದೆ ಬರೆದುಕೊಡುತ್ತೇನೆ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಉಳಿದವರಿಗೆ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗೆಂದೇ ನಡೆಯುವ ಮನೋಚೈತನ್ಯ ಕ್ಲಿನಿಕ್. ನಿಜವಾದ ಪಾಡು ಇರುವುದು ಅದಾದ ಮೇಲೆ. ಡಾಕ್ಟರು ಕೊಡುವ ಮಾತ್ರೆ ಕೆಲಸ ತೋರಿಸಲು 2ರಿಂದ 4 ವಾರ ಬೇಕು. ಆದರೆ ಹೊಟ್ಟೆ ತೊಳಸುವುದು, ತಲೆನೋವು ಮೊದಲ ವಾರವೇ ಬರಬಹುದು. ಅಷ್ಟರಲ್ಲಿ ಯಾರೋ "ಅದು ನಿದ್ದೆ ಮಾತ್ರೆ, ಚಟ ಆಗ್ತದೆ" ಅಂದಿರುತ್ತಾರೆ. ಮಾತ್ರೆ ಡಬ್ಬಿ ಸೇರುತ್ತದೆ. ಹುಷಾರಾದವರೂ ಅಷ್ಟೇ, ಇನ್ನೂ 6 ತಿಂಗಳಾದರೂ ಮುಂದುವರಿಸಬೇಕಾದ್ದನ್ನು ತಮಗೆ ತಾವೇ ನಿಲ್ಲಿಸಿಬಿಡುತ್ತಾರೆ.

ಹಾಗಾಗಿ ಮೊದಲ ವಾರ ನಾನೇ ಫೋನ್ ಮಾಡುತ್ತೇನೆ. ಫೋನ್ ಇರುವುದು ಗಂಡನ ಜೇಬಲ್ಲಿ. "ಬಿಪಿ ಚೆಕ್‌ಗೆ ಕಳಿಸಿ ಅಣ್ಣಾ" ಅನ್ನುತ್ತೇನೆ. ಬಂದ ಮೇಲೆ ಬಿಪಿಯನ್ನೂ ನೋಡುತ್ತೇನೆ.