“ಕೆಲಸಕ್ಕೆ ಜನ ಎಲ್ಲಿಂದ ತರ್ತೀರಿ?”

ಹಳ್ಳಿಯಲ್ಲಿ ಎರಡು ದಿನದ ಕಲಾ ಉತ್ಸವ, ಸಂಬಳದವರು ಒಬ್ಬರೂ ಇಲ್ಲ ಅಂದ ಕೂಡಲೇ ಬರುವ ಪ್ರಶ್ನೆ ಇದು. ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: “ನಮ್ಮೂರಲ್ಲಿ ಕರೆದ್ರೂ ಒಬ್ರೂ ಬರಲ್ಲ ಮಾರಾಯ್ರೆ.” ದುಡ್ಡಿನ ವಿಚಾರ ಕೇಳುವುದು ಆಮೇಲೆ.

ಜನ ಎಲ್ಲ ಊರಲ್ಲೂ ಇದ್ದಾರೆ. “ಬನ್ನಿ, ಸ್ವಲ್ಪ ಸಹಾಯ ಮಾಡಿ” ಅಂತ ಕರೆದರೆ ಮಾತ್ರ ಬರುವುದಿಲ್ಲ. ಮುಯ್ಯಾಳು ಲೆಕ್ಕದಲ್ಲಿ, ಅಂದರೆ ಇವತ್ತು ನಾನು ನಿಮ್ಮಲ್ಲಿಗೆ, ನಾಳೆ ನೀವು ನಮ್ಮಲ್ಲಿಗೆ ಎಂಬಂತೆ, ಗದ್ದೆ ಕೆಲಸಕ್ಕೆ ಹೋಗುವವರಿಗೆ ಯಾರ ಗದ್ದೆ, ಯಾವ ದಿನ, ಏನು ಕೆಲಸ, ಎಷ್ಟು ಹೊತ್ತಿಗೆ ಮನೆಗೆ ಎಂಬುದೆಲ್ಲ ಮೊದಲೇ ಗೊತ್ತಿರುತ್ತದೆ. ಉತ್ಸವದ ಕೆಲಸವನ್ನೂ ಹಾಗೇ ತುಂಡು ಮಾಡಿ ಕೊಡಬೇಕು. “ಊಟದ ವ್ಯವಸ್ಥೆ ನೀವು ನೋಡ್ಕೊಳ್ಳಿ” ಅಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಿದ ಪುಣ್ಯಾತ್ಮರು ಮರುವರ್ಷ ಕೈಗೆ ಸಿಗುವುದಿಲ್ಲ. ಅದೇ “ಶನಿವಾರ ಮಧ್ಯಾಹ್ನ 2ರಿಂದ 5ರವರೆಗೆ ತರಕಾರಿ ಹೆಚ್ಚೋದು, ಎಂಟು ಜನ ಬೇಕು, ಮೆಟ್ಟುಗತ್ತಿ ನೀವೇ ತನ್ನಿ” ಅಂದು ನೋಡಿ, ಹತ್ತು ಜನ ಬರುತ್ತಾರೆ.

ರಾತ್ರಿಗೆ 500 ಜನ ಸೇರುವ ಉತ್ಸವಕ್ಕೆ ದಿನವೊಂದಕ್ಕೆ ಬೇಕಾಗುವುದು 35ರಿಂದ 40 ಜನ. ಅಡುಗೆ, ಬಡಿಸುವುದಕ್ಕೆ 18, ರಂಗ, ಬೆಳಕು, ಧ್ವನಿಗೆ 6, ಕಲಾವಿದರನ್ನು ನೋಡಿಕೊಳ್ಳಲು 4, ವಾಹನ ನಿಲ್ಲಿಸಲು 4, ನೀರು ಮತ್ತು ಶೌಚಾಲಯಕ್ಕೆ 3, ಲೆಕ್ಕಕ್ಕೆ 2. ಒಬ್ಬರಿಗೆ ಒಂದೇ ಕೆಲಸ. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುವ ಸಮಿತಿಯ ಪಟ್ಟಿಯೇ ಬೇರೆ, ಈ ಪಟ್ಟಿಯೇ ಬೇರೆ. ಎರಡನ್ನೂ ಒಂದು ಮಾಡಲು ಹೋಗಬೇಡಿ, ಎರಡೂ ಪಟ್ಟಿಯವರಿಗೆ ಬೇಜಾರಾಗುತ್ತದೆ.

ತಾರೀಖು ತಪ್ಪಿದರೆ ಯಾವ ಪಟ್ಟಿಯೂ ಕೆಲಸಕ್ಕೆ ಬಾರದು. ಅಡಿಕೆ ಸೀಮೆಯಲ್ಲಿ ಕೊಯ್ಲಿನ ಕಾಲದಲ್ಲಿ ಸಂಜೆಯಾದರೆ ಮನೆಮಂದಿಯೆಲ್ಲ ಸುಲಿಯಲು ಕೂತಿರುತ್ತಾರೆ. ಹಸಿ ಅಡಿಕೆಯನ್ನು ಕೊಯ್ದ ಮೇಲೆ ಸುಲಿದು ಬೇಯಿಸಲೇಬೇಕು, “ಎರಡು ದಿನ ಬಿಟ್ಟು ಸುಲಿಯೋಣ” ಅನ್ನುವ ಹಾಗಿಲ್ಲ. ಮಾರ್ಚ್ ಬಂದರೆ ಮಕ್ಕಳ ಪರೀಕ್ಷೆ. ನಡುವೆ ಉಳಿಯುವುದು ಕೊಯ್ಲು ಮುಗಿಯುತ್ತಿರುವ ಎರಡು ಮೂರು ವಾರ. ಅದರಲ್ಲಿ ಸುತ್ತಲಿನ ಊರುಗಳ ಜಾತ್ರೆ, ತೇರು ಬಿಟ್ಟು ಉಳಿದ ಶನಿವಾರ, ಭಾನುವಾರ ಹಿಡಿಯಬೇಕು. ಯಕ್ಷಗಾನ ಇಟ್ಟುಕೊಳ್ಳುವುದಾದರೆ ಮೇಳಗಳ ತಿರುಗಾಟ ಸುಮಾರು ನವೆಂಬರಿನಿಂದ ಮೇವರೆಗೆ ನಡೆಯುತ್ತದೆ. ಆದ್ದರಿಂದ ಮಳೆಗಾಲದಲ್ಲೇ ವೀಳ್ಯ ಕೊಟ್ಟು ದಿನ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ಊಟ. ದುಡ್ಡು ಎತ್ತುವುದಕ್ಕಿಂತ ಹೊರೆಕಾಣಿಕೆ ಕೇಳುವುದು ಸುಲಭ. 500 ರೂಪಾಯಿ ಕೊಡಲು ಹಿಂದೆಮುಂದೆ ನೋಡುವ ಮನೆಯಿಂದಲೇ ಹತ್ತು ತೆಂಗಿನಕಾಯಿ, ಒಂದು ಬಾಳೆಗೊನೆ ತಾನಾಗಿ ಬರುತ್ತದೆ. ಆದರೆ ‘ನಿಮ್ಮ ಇಷ್ಟ’ ಅಂತ ಬಿಟ್ಟರೆ ಎಲ್ಲರ ಮನೆಯಲ್ಲೂ ಆ ಹೊತ್ತಿಗೆ ಹೆಚ್ಚಾಗಿರುವುದೇ ಬರುತ್ತದೆ. ಚಪ್ಪರದ ತುಂಬ ಬೂದುಗುಂಬಳ, ಬೇಳೆ ಒಂದು ಸೇರೂ ಇಲ್ಲ! ಅಕ್ಕಿಯದು ಇನ್ನೂ ದೊಡ್ಡ ಫಜೀತಿ. ಹತ್ತು ಮನೆಯ ಅಕ್ಕಿ ಒಂದೇ ಚೀಲಕ್ಕೆ ಸುರಿದರೆ ಹೊಸತು, ಹಳತು, ಕುಚ್ಚಲು, ಬೆಳ್ತಿಗೆ ಎಲ್ಲ ಸೇರಿ ಕೊಪ್ಪರಿಗೆಯಲ್ಲಿ ಅರ್ಧ ಮುದ್ದೆ, ಅರ್ಧ ಕಾಳು. ಎಂಥ ಭಟ್ಟರು ಬಂದರೂ ಅದನ್ನು ಸರಿ ಮಾಡಲಾರರು. ಹಾಗಾಗಿ ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ ಹಣ ಕೊಟ್ಟೇ ತನ್ನಿ. ಕಾಯಿ, ತರಕಾರಿ, ಬಾಳೆಎಲೆ, ಮಜ್ಜಿಗೆ, ಸೌದೆ ಇವನ್ನು ಕೇರಿಗೊಂದರಂತೆ ಹಂಚಿ. ಮೇಲಿನ ಕೇರಿಯದು ಎಲೆ, ಕೆಳಗಿನ ಕೇರಿಯದು ಮಜ್ಜಿಗೆ ಎಂದಾದರೆ ಕೇರಿಗಳ ನಡುವೆ ಸಣ್ಣ ಪೈಪೋಟಿಯೂ ಹುಟ್ಟುತ್ತದೆ, ಅದು ಇರಲಿ.

ಒಂದು ರಾತ್ರಿಯ 500 ಊಟಕ್ಕೆ ಅಕ್ಕಿ 55ರಿಂದ 60 ಕೆಜಿ, ಅಂದರೆ ಕೆಜಿಗೆ ಎಂಟೊಂಬತ್ತು ಜನ. ಹುಳಿ 75 ಲೀಟರ್, ಅದಕ್ಕೆ ತೊಗರಿಬೇಳೆ ಸುಮಾರು 12 ಕೆಜಿ. ಸಂಜೆಯ ಚಹಾ ನೂರು ಮಿಲಿ ಲೋಟದಲ್ಲಿ 500 ಆದರೆ 50 ಲೀಟರ್. ಹಾಲು 20 ಲೀಟರ್, ಸಕ್ಕರೆ 5 ಕೆಜಿ, ಚಹಾಪುಡಿ ಒಂದು ಕೆಜಿಯ ಮೇಲೆ ಸ್ವಲ್ಪ. ಅನ್ನವನ್ನು ಒಂದೇ ಸಲ ಮಾಡಬೇಡಿ. ಮುಕ್ಕಾಲು ಭಾಗ ಮೊದಲು, ಎರಡನೇ ಪಂಕ್ತಿ ಕೂತ ಮೇಲೆ ತಲೆ ಎಣಿಸಿ ಉಳಿದದ್ದು. ದೇವಸ್ಥಾನದಿಂದ ತಂದ ಪಾತ್ರೆಗೆ ಬಣ್ಣದಲ್ಲಿ ನಂಬರ್ ಹಾಕಿಡಿ. ಕೊಪ್ಪರಿಗೆ ಎಲ್ಲೂ ಹೋಗುವುದಿಲ್ಲ, ಕಳೆಯುವುದು ಮುಚ್ಚಳ ಮತ್ತು ಸೌಟು.

ಹೆಚ್ಚು ಉತ್ಸವಗಳು ಎಡವುವುದು ಕರೆಂಟಿನಲ್ಲಿ. ಮೈದಾನದ ಪಕ್ಕದ ಕಂಬದಿಂದ ಎಳೆದುಕೊಂಡರಾಯಿತು ಅಂದುಕೊಳ್ಳುತ್ತಾರೆ. ರಂಗಕ್ಕೆ ಬೆಳಕು ಹಾಯಿಸುವ, ಒಂದು ಸಾವಿರ ವ್ಯಾಟಿನ ಹಳೇ ಪಾರ್ ದೀಪ ಹನ್ನೆರಡು ಹಾಕಿದರೆ 12 ಕಿಲೋವ್ಯಾಟ್. ಸಿಂಗಲ್ ಫೇಸಿನಲ್ಲಿ 50 ಆಂಪಿಯರಿನ ಮೇಲಾಯಿತು. ಹಳ್ಳಿಯ ಲೈನು ಅದನ್ನು ತಡೆಯುವುದಿಲ್ಲ. ಅದೇ ಹನ್ನೆರಡು ಎಲ್‌ಇಡಿ ಪಾರ್ ಆದರೆ ಎರಡು ಕಿಲೋವ್ಯಾಟಿನ ಒಳಗೇ ಮುಗಿಯುತ್ತದೆ. ಹಳೇ ದೀಪಗಳೇ ಬೇಕೆಂದರೆ 25 ಕೆವಿಎ ಜನರೇಟರ್ ತರಿಸಿ. ಅದರಿಂದ ಸಿಗುವುದು 20 ಕಿಲೋವ್ಯಾಟ್, ನಂಬಿ ಎಳೆಯಬಹುದಾದದ್ದು 15. ಡೀಸೆಲ್ ಗಂಟೆಗೆ ನಾಲ್ಕೈದು ಲೀಟರ್ ಬೇಕು. ರಂಗದ ಹಿಂದೆ ನೂರಡಿ ದೂರದಲ್ಲಿ, ಗಾಳಿ ಹೊಗೆಯನ್ನು ಜನರ ಕಡೆ ತರದ ಜಾಗದಲ್ಲಿ ನಿಲ್ಲಿಸಿ.

ಒಂದು ತಂತಿಯ ವಿಷಯ ಬಿಡಿಸಿ ಹೇಳಲೇಬೇಕು. ಮೂರು ತಂತಿಯಲ್ಲಿ ಕರೆಂಟು ಬರುವ ತ್ರೀ ಫೇಸಿನಲ್ಲಿ ನ್ಯೂಟ್ರಲ್, ಅಂದರೆ ಮೂರಕ್ಕೂ ಸೇರಿದ ನಾಲ್ಕನೇ ತಂತಿ, ಸಡಿಲವಾದರೆ ಲೋಡ್ ಹೆಚ್ಚಿರುವ ಫೇಸಿನ ವೋಲ್ಟೇಜ್ ಇಳಿಯುತ್ತದೆ, ಕಡಿಮೆ ಇರುವುದರದ್ದು 300 ದಾಟಿ ಏರುತ್ತದೆ. ದೀಪಗಳ ಗೊಣಗಾಟ ಸ್ಪೀಕರಿಗೆ ಬರಬಾರದು ಅಂತ ಧ್ವನಿಗೆ ಬೇರೆಯೇ ಫೇಸ್ ಕೊಟ್ಟಿರುತ್ತೇವೆ, ಸರಿಯೇ. ಆದರೆ ಮೂರರಲ್ಲಿ ಲೋಡ್ ಕಡಿಮೆ ಇರುವುದೂ ಅದೇ, ಹಾಗಾಗಿ ಮೊದಲು ಸುಡುವುದು ಮೈಕುಗಳ ಧ್ವನಿ ಹೊಂದಿಸುವ ಮಿಕ್ಸರ್. ಅದಕ್ಕೇ ಮಿಕ್ಸರಿನ ಪ್ಲಗ್ ಹಾಕುವ ಮುಂಚೆ ದೀಪಗಳನ್ನೆಲ್ಲ ಪೂರ್ತಿ ಉರಿಸಿ, ಮೂರೂ ಫೇಸನ್ನು ನ್ಯೂಟ್ರಲ್ ಜೊತೆ ಮಲ್ಟಿಮೀಟರಿನಲ್ಲಿ ಅಳೆಯಬೇಕು. ಮೂರೂ 220ರಿಂದ 240ರೊಳಗೆ ಇದ್ದರೆ ಸರಿ. ಒಂದು 190, ಇನ್ನೊಂದು 270 ತೋರಿಸಿದರೆ ಎಲ್ಲ ಆರಿಸಿ, ನ್ಯೂಟ್ರಲ್ ಜೋಡಣೆ ಬಿಗಿ ಮಾಡಿಸುವವರೆಗೆ ಏನನ್ನೂ ಮುಟ್ಟಬೇಡಿ. ಇದು ಸ್ವಯಂಸೇವಕರ ಕೆಲಸವೂ ಅಲ್ಲ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ದುಡ್ಡು ಕೊಟ್ಟು ಎರಡೂ ರಾತ್ರಿ ಅಲ್ಲೇ ಕೂರಿಸಿ.

ಚಳಿಗಾಲದ ಮಲೆನಾಡಿನಲ್ಲಿ ರಾತ್ರಿ ಒಂಬತ್ತು ಹತ್ತರ ಮೇಲೆ ಇಬ್ಬನಿ ಇಳಿಯುತ್ತದೆ. ಕುರ್ಚಿ, ಜಮಖಾನೆ, ಜಂಕ್ಷನ್ ಬಾಕ್ಸ್ ಎಲ್ಲ ಒದ್ದೆ. ಬಾಕ್ಸುಗಳನ್ನು ಇಟ್ಟಿಗೆಯ ಮೇಲೆ ಏರಿಸಿ ಮೇಲೆ ತಗಡು ಮುಚ್ಚಿ. ಡೊಳ್ಳಿನ ಚರ್ಮವೂ ಥಂಡಿಗೆ ಸಡಿಲವಾಗುತ್ತದೆ. ಕಾಯಿಸಿಕೊಳ್ಳಲು ಬೆಂಕಿ ಬೇಕು, ಅದಕ್ಕೆ ಚಪ್ಪರದಿಂದ ದೂರ ಜಾಗ ಮಾಡಿ. ಡೊಳ್ಳು ಕುಣಿತವನ್ನು ಹಲಗೆಯ ರಂಗಕ್ಕೆ ಹತ್ತಿಸದೆ ನೆಲದ ಮೇಲೇ ಮಾಡಿಸಿ. ಹಲಗೆ ಅಷ್ಟು ಜನರ ಕುಣಿತ ತಡೆಯುವುದಿಲ್ಲ, ನೋಡಲಿಕ್ಕೂ ಸುತ್ತ ಜನ ನಿಂತರೇ ಚೆಂದ.

ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಅನುಮತಿ, ಜಾಗಕ್ಕೆ ಪಂಚಾಯಿತಿಯದು, ಶಾಲೆಯ ಮೈದಾನವಾದರೆ ಮುಖ್ಯೋಪಾಧ್ಯಾಯರು ಮತ್ತು ಶಾಲೆಯ ಸಮಿತಿಯಾದ ಎಸ್‌ಡಿಎಂಸಿಯದು, ಲೈನಿನಿಂದ ಕರೆಂಟು ತೆಗೆದುಕೊಂಡರೆ ವಿದ್ಯುತ್ ಕಂಪನಿಯ ತಾತ್ಕಾಲಿಕ ಸಂಪರ್ಕ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು, ಅಷ್ಟೇ. ಯಕ್ಷಗಾನದಲ್ಲಿ ಬೆಳತನಕ ಆಡದೆ ಕೆಲವೇ ಗಂಟೆಯಲ್ಲಿ ಮುಗಿಸುವ ಕಾಲಮಿತಿ ಪ್ರಯೋಗ ಹೆಚ್ಚಲು ಇದೂ ಒಂದು ಕಾರಣ.

ರಾತ್ರಿ ಹತ್ತರೊಳಗಿನ ಆ ಹೊತ್ತನ್ನು ನುಂಗುವುದು ಸಭಾ ಕಾರ್ಯಕ್ರಮ. ಸ್ವಾಗತ, ಪ್ರಾಸ್ತಾವಿಕ, ದೀಪ, ನಾಲ್ಕು ಅತಿಥಿಗಳು, ಸನ್ಮಾನ, ಅಧ್ಯಕ್ಷರ ಮಾತು, ವಂದನಾರ್ಪಣೆ. ಒಂದೊಂದಕ್ಕೆ ಎಂಟು ನಿಮಿಷ ಹಿಡಿದರೂ ಒಂದು ಗಂಟೆ ಇಪ್ಪತ್ತು ನಿಮಿಷ. ಆರೂವರೆಗೆ ಶುರುವಾಗಿ ಎಂಟಕ್ಕೆ ಮುಗಿದರೆ ಎರಡೂವರೆ ಗಂಟೆಯ ನಾಟಕ ಎಲ್ಲಿಗೆ ಹೋಯಿತು? ಬಣ್ಣ ಹಚ್ಚಿಕೊಂಡು ಕೂತವರನ್ನು ಕಾಯಿಸುವುದು ಅಸಭ್ಯತನ. ಸಭೆಯನ್ನು ಮೊದಲ ದಿನ ಸಂಜೆ 5ಕ್ಕೆ ಇಡಿ, ಸನ್ಮಾನ ಒಂದೇ ಸಾಕು, ಎರಡನೇ ದಿನ ಭಾಷಣವೇ ಬೇಡ. ಜಗಳ ಆಗುತ್ತದೆ. ಮೊದಲ ವರ್ಷವೇ ಆಗಿಹೋಗಲಿ.

ನೀನಾಸಮ್ ಎಂಬ ರಂಗಸಂಸ್ಥೆಯಿರುವ ಸಾಗರದ ಹತ್ತಿರದ ಹಳ್ಳಿ ಹೆಗ್ಗೋಡನ್ನು ತೋರಿಸಿ “ಅಲ್ಲಿ ಆಗುತ್ತೆ, ನಮ್ಮಲ್ಲಿ ಯಾಕಿಲ್ಲ” ಅನ್ನುವವರೂ ಇದ್ದಾರೆ. ನೀನಾಸಮ್ ಹುಟ್ಟಿದ್ದು 1949ರಲ್ಲಿ. ರಂಗಶಿಕ್ಷಣ ಕೇಂದ್ರ ಬಂದದ್ದು 1980ರಲ್ಲಿ, ಊರೂರು ಸುತ್ತಿ ನಾಟಕ ಆಡುವ ಅದರ ತಂಡ ‘ತಿರುಗಾಟ’ 1985ರಲ್ಲಿ. ಮೊದಲ ಮೂರು ದಶಕ ಊರಿನ ಹವ್ಯಾಸಿಗಳ ಸಂಘವಾಗಿಯೇ ಅದು ನಡೆದುಬಂತು. ನೀವೂ ಮೊದಲ ವರ್ಷ ಎರಡು ದಿನಕ್ಕೆ ಕೈಹಾಕಬೇಡಿ. ಒಂದು ಸಂಜೆ, ಒಂದು ನಾಟಕ, ಊಟದ ಬದಲು ಅವಲಕ್ಕಿ, ಚಹಾ. ಹದಿನೈದು ಜನ ಸಾಕು.

ಮಾರನೇ ಬೆಳಿಗ್ಗೆಯ ಪಾಳಿಯನ್ನು ಮಾತ್ರ ಮೊದಲೇ ಬರೆದಿಡಿ. ಕೊನೆಯ ರಾತ್ರಿ ದುಡಿದವರು ಯಾರೂ ಬೆಳಿಗ್ಗೆ ಏಳಕ್ಕೆ ಮೈದಾನಕ್ಕೆ ಬರುವುದಿಲ್ಲ, ಬರಬೇಕೆಂದು ಬಯಸುವುದೂ ತಪ್ಪು. ಕುರ್ಚಿಯನ್ನು ಹತ್ತರ ಅಟ್ಟಿ ಮಾಡಿ ಎಣಿಸುವುದು, ಪಾತ್ರೆಯ ನಂಬರ್ ನೋಡುವುದು, ಎಲೆ, ಲೋಟ ಹೆಕ್ಕುವುದು ಎಲ್ಲ ಬೇರೆಯೇ ಎಂಟು ಜನರದ್ದು. ಅವರಿಗೆ ಹಿಂದಿನ ರಾತ್ರಿ ನಾಟಕ ನೋಡುವುದು ಬಿಟ್ಟರೆ ಬೇರೆ ಕೆಲಸ ಇರಬಾರದು. ರಶೀದಿ ಪುಸ್ತಕಗಳನ್ನೂ ಅವತ್ತೇ ವಾಪಸ್ ತೆಗೆದುಕೊಳ್ಳಿ. ಹದಿನೈದು ದಿನದೊಳಗೆ ಖರ್ಚಿನ ಲೆಕ್ಕ ಡೇರಿಯ ಗೋಡೆಗೆ ಅಂಟಿಸಿ. ಹಾಲು ಹಾಕಲು ದಿನಾ ಎರಡು ಹೊತ್ತು ಜನ ಬರುವ ಜಾಗ ಅದು. ಅಂಟಿಸದ ಊರಲ್ಲಿ ಮರುವರ್ಷ ಹೊರೆಕಾಣಿಕೆಗೆ ಹೋದಾಗ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಾರೆ.