ಆಟಿಕೆ ಅಂಗಡಿಯಿಂದ ಬಂದ ಅಜ್ಜಿ

ಬ್ರಿಟಿಷ್ ನಟಿ ಲಿಜ್ ಸ್ಮಿತ್ ಅಂದರೆ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಾಗಲಿಕ್ಕಿಲ್ಲ. 2005ರ 'ಚಾರ್ಲಿ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ' ನೋಡಿದ್ದೀರಾ? ಅದರಲ್ಲಿ ಒಂದೇ ಮಂಚದ ಮೇಲೆ ನಾಲ್ಕು ಜನ ಅಜ್ಜ ಅಜ್ಜಿಯರು ಮಲಗಿರುತ್ತಾರಲ್ವಾ, ಅವರಲ್ಲಿ ಜಾರ್ಜಿನಾ ಅಜ್ಜಿ ಇವರೇ.

1921ರಲ್ಲಿ ಇಂಗ್ಲೆಂಡಿನ ಸ್ಕಂತೋರ್ಪ್‌ನಲ್ಲಿ ಹುಟ್ಟಿದರು. ಎರಡು ವರ್ಷದ ಮಗುವಾಗಿದ್ದಾಗಲೇ ಅಮ್ಮ ತೀರಿಕೊಂಡರು, ಆಮೇಲೆ ಅಪ್ಪನೂ ಬಿಟ್ಟು ಹೋದರು, ಸಾಕಿದ್ದು ಅಜ್ಜಿ. ಎರಡನೇ ಮಹಾಯುದ್ಧದ ಸಮಯದಲ್ಲಿ ನೌಕಾಪಡೆಯ ಮಹಿಳಾ ದಳದಲ್ಲಿದ್ದು ಭಾರತಕ್ಕೂ ಬಂದಿದ್ದರು. ಮದುವೆ ಮುರಿದ ಮೇಲೆ ಇಬ್ಬರು ಮಕ್ಕಳನ್ನು ಸಾಕಲು ಸಿಕ್ಕ ಕೆಲಸ ಮಾಡಿದರು, ಆದರೂ ನಾಟಕ ಬಿಡಲಿಲ್ಲ.

ಐವತ್ತರ ಹತ್ತಿರ ಬಂದಿದ್ದರು. ಲಂಡನ್ನಿನ ಹ್ಯಾಮ್ಲೀಸ್ ಅಂಗಡಿಯಲ್ಲಿ ಆಟಿಕೆ ಮಾರುತ್ತಿದ್ದಾಗ ಮೈಕ್ ಲೀ ಎಂಬ ಯುವ ನಿರ್ದೇಶಕರಿಂದ ಕರೆ ಬಂತು. ಲಿಜ್ ನಟಿಸಿದ ಲೀ ಅವರ ಮೊದಲ ಸಿನಿಮಾ 'ಬ್ಲೀಕ್ ಮೊಮೆಂಟ್ಸ್' 1971ರಲ್ಲಿ ಬಂತು. ಆ ವಯಸ್ಸಿಗೆ ಎಷ್ಟೋ ನಟಿಯರಿಗೆ ಪಾತ್ರಗಳೇ ಸಿಗುವುದಿಲ್ಲ, ಇವರಿಗೆ ಶುರುವಾಗಿದ್ದೇ ಆಗ! 1984ರ 'ಎ ಪ್ರೈವೇಟ್ ಫಂಕ್ಷನ್'ನಲ್ಲಿ ಮ್ಯಾಗಿ ಸ್ಮಿತ್ ಅವರ ತಾಯಿಯಾಗಿ ನಟಿಸಿ ಪೋಷಕ ನಟಿಯ ಬಾಫ್ಟಾ (ಬ್ರಿಟನ್ನಿನ ದೊಡ್ಡ ಸಿನಿಮಾ ಪ್ರಶಸ್ತಿ) ಪಡೆದರು. 'ದ ವಿಕಾರ್ ಆಫ್ ಡಿಬ್ಲೀ' ಎಂಬ ಟೀವಿ ಹಾಸ್ಯ ಸರಣಿಯಲ್ಲಿ, ಸೇರಬಾರದ್ದನ್ನೆಲ್ಲ ಸೇರಿಸಿ ಅಡುಗೆ ಮಾಡಿ ಊರಿಗೆಲ್ಲ ಪ್ರೀತಿಯಿಂದ ಬಡಿಸುವ ಲೆಟಿಷಿಯಾ ಆದರು.

ನನಗೆ ತುಂಬಾ ಇಷ್ಟ ಮಾತ್ರ 1998ರಲ್ಲಿ ಶುರುವಾದ ಟೀವಿ ಸರಣಿ 'ದ ರಾಯ್ಲ್ ಫ್ಯಾಮಿಲಿ'ಯ ನಾನಾ. ಮ್ಯಾಂಚೆಸ್ಟರಿನ ಒಂದು ಮನೆ, ಟೀವಿ ಮುಂದೆ ಕೂತ ಸಂಸಾರ, ಅಷ್ಟೇ ಕಥೆ. ಮಗಳ ಮನೆಗೆ ಬಂದು ಸೋಫಾದಲ್ಲಿ ಕೂರುವ ಈ ನಾನಾ ಅಜ್ಜಿಗೆ ಸ್ವಲ್ಪ ಸ್ವಾರ್ಥ ಇದೆ, ಆಸೆಬುರುಕತನ ಇದೆ, ಅಳಿಯ ರೇಗುತ್ತಲೇ ಇರುತ್ತಾನೆ, ಇವರು ಕೇಳಿಸಿಯೂ ಕೇಳಿಸದ ಹಾಗೆ ಇರುತ್ತಾರೆ. ಅಜ್ಜಿ ಅಂದ ತಕ್ಷಣ ಬರೀ ಮಮತೆಯ ಮೂರ್ತಿ ಮಾಡಿಬಿಡುವ ಸಿನಿಮಾಗಳ ನಡುವೆ ಇಂಥ ಅಜ್ಜಿ ಎಷ್ಟು ನಿಜ ಅನ್ನಿಸುತ್ತಾರೆ ಗೊತ್ತಾ! ಲಿಜ್ ಎಲ್ಲೂ ಸುಮ್ನೆ ನಗಿಸೋಕೆ ಹೋಗುವುದಿಲ್ಲ.

2006ರ ವಿಶೇಷ ಕಂತಿನಲ್ಲಿ ನಾನಾ ಕೊನೆಯ ದಿನಗಳಲ್ಲಿದ್ದಾರೆ. ಅದೇ ಟೀವಿ ಕೋಣೆಯಲ್ಲಿ ಹಾಸಿಗೆ ಹಾಕಿದ್ದಾರೆ, ಮಗಳು ಬಾರ್ಬರಾ ಪಕ್ಕದಲ್ಲಿ ಕೂತು ಅಮ್ಮನ ತಲೆಗೂದಲು ಬಾಚುತ್ತಾಳೆ. ಎಂಬತ್ನಾಲ್ಕರ ಲಿಜ್ ಅಲ್ಲಿ ಹೆಚ್ಚೇನೂ ಮಾಡುವುದಿಲ್ಲ. ಮಗಳ ಕೈಗೆ ತಲೆ ಕೊಟ್ಟು ಮಲಗಿರುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಅಳು ಬರುತ್ತದೆ.