ನಾಲ್ಕನೇ ಸಲ ಹಸಿರು ಬಂತು

ಬಂತು! ಮೂರು ಸಲ ಕೆಟ್ಟ ಮೇಲೆ, ಬೇಯಿಸಿದ ಜೋಳದ ಮೇಲೆ ಟ್ರೈಕೋಡರ್ಮಾ (ಬೆಳೆಗೆ ರೋಗ ತರುವ ಬೂಷ್ಟನ್ನು ಅದುಮುವ ಒಳ್ಳೇ ಬೂಷ್ಟು) ಹಸಿರು ಹೊದ್ದು ಕೂತಿದೆ. ಐದು ಚೀಲದಲ್ಲಿ ನಾಲ್ಕು ಗೆದ್ದಿವೆ. ಐದನೆಯದರ ಮೂಲೆಯಲ್ಲಿ ಕಪ್ಪು ಬೂಷ್ಟು ಕಂಡಿತು. ಚೀಲದ ಬಾಯಿ ಬಿಚ್ಚದೆ ಹಾಗೇ ಕುಕ್ಕರಿಗೆ ಹಾಕಿ ಬೇಯಿಸಿ ಹೂತುಬಿಟ್ಟೆ.

ಇಷ್ಟು ಹಟ ಯಾಕೆ ಅಂದರೆ, ಹೋದ ವರ್ಷ ಜೇವರ್ಗಿ ಕಡೆಯ ನಮ್ಮ ಹೊಲದಲ್ಲಿ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ನೆಟೆ ರೋಗ ಹೊಡೆದು ಗಿಡ ಬಾಡಿದವು. ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ, ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ನೆಟೆ ತರುವ ಬೂಷ್ಟು ಫ್ಯುಸೇರಿಯಂ ಉಡಮ್, ಅನುಮಾನವೇ ಇಲ್ಲ. ಹಳೇ ಬೇರು, ಕೂಳೆಯಲ್ಲಿ ಅದು ಮೂರು ವರ್ಷ ಆರಾಮಾಗಿ ಬದುಕುತ್ತದೆ. ತೊಗರಿ ಬಿಟ್ಟು ಒಂದೆರಡು ವರ್ಷ ಜೋಳ ಬಿತ್ತೋಣ ಅಂದೆ. ಅಪ್ಪ ಒಪ್ಪಲಿಲ್ಲ. ಅದಕ್ಕೇ ಹೊಲಕ್ಕೆ ಹೋಗಬೇಕಿದ್ದ ಜೋಳ, ಟ್ರೈಕೋಡರ್ಮಾ ಬೆಳೆಸೋಕೆ ಅಂತ ಕುಕ್ಕರಿಗೆ ಹೋಗ್ತಿದೆ.

ಮೊದಲ ಚೀಲಗಳು ಮೂರೇ ದಿನಕ್ಕೆ ಹುಳಿ ವಾಸನೆ ಹೊಡೆದು ಲೋಳೆಯಾದವು. ನಾನು ಸೀದಾ, ಹೆಪ್ಪಿನ ಹಾಗೆ ಜೋಳಕ್ಕೆ ಹಾಕಿದ ಟ್ರೈಕೋಡರ್ಮಾ ಪುಡಿಯ ಪ್ಯಾಕೆಟ್ಟಿನ ಮೇಲೆ ತಪ್ಪು ಹೊರಿಸಿದೆ. ಹೊರಿಸದೆ ಇನ್ನೇನು? ತಾರೀಖಿನ ಚೀಟಿ ಕೆರೆದರೆ ಅಡಿಯಲ್ಲಿ ಇನ್ನೊಂದು ಚೀಟಿ, ಹಳೇ ತಾರೀಖು! ತಗಡಿನ ಮಾಡಿನ ಅಂಗಡಿ, ಮೇ ತಿಂಗಳು, ಒಳಗಿರೋದು ಜೀವ ಇರುವ ಮಾಲು. ಹೋಗಿ ಜಗಳ ಆಡಿ ಬಂದೆ. ಆಮೇಲೆ ಬೂಷ್ಟು ಬೆಳೆಸಿ ನೋಡುವ ಆಲೂಗಡ್ಡೆ-ಅಗರ್ ತಟ್ಟೆಯ ಮೇಲೆ ಚಿಟಿಕೆ ಪುಡಿ ಉದುರಿಸಿದರೆ ನಾಲ್ಕನೇ ದಿನಕ್ಕೆ ಹಚ್ಚ ಹಸಿರು. ಪ್ಯಾಕೆಟ್ ನಿರಪರಾಧಿ. ಅಂಗಡಿಯವನು ಮಾತ್ರ ಅಲ್ಲ.

ಎರಡನೇ ಸಲ ಬಿಸಿಲಿಗೆ ಬೈದೆ. ಹೊರಗೆ 42 ಡಿಗ್ರಿ, ಕೋಣೆಯಲ್ಲಿ 37. ಟ್ರೈಕೋಡರ್ಮಾಕ್ಕೆ ಬೇಕಿರೋದು 25ರಿಂದ 30. ಚೀಲಗಳನ್ನು ಒಳಮನೆಯ ಶಹಾಬಾದ್ ಪರಸಿ ಕಲ್ಲಿನ ನೆಲದ ಮೇಲಿಟ್ಟು ಸುತ್ತ ಹಸಿ ಗೋಣಿ ಕಟ್ಟಿದೆ. 30ಕ್ಕೆ ಇಳಿಯಿತು. ಆದರೂ ಹುಳಿ. ಮೂರನೇ ಸಲ ಕುಕ್ಕರಿನ ರಬ್ಬರ್ ಬದಲಿಸಿ, 15 ಪೌಂಡ್ ಒತ್ತಡದಲ್ಲಿ ಮುಕ್ಕಾಲು ಗಂಟೆ ಇಟ್ಟೆ. ಮತ್ತೂ ಹುಳಿ.

ಕೊನೆಗೆ ಅವ್ವ ಪಾತ್ರೆಯಲ್ಲಿ ಇಣುಕಿ ನೋಡಿ, "ಇದೇನು ಅಂಬಲಿ ಕಾಸಲತ್ತೀಯೋ?" ಅಂದಳು.

ಅಲ್ಲೇ ಇತ್ತು ಎಡವಟ್ಟು. ಮೆತ್ತಗಾಗಲಿ ಅಂತ ನಾನು ಕಾಳು ಸಿಡಿಯೋವರೆಗೂ ಕುದಿಸ್ತಿದ್ದೆ. ಸಿಡಿದ ಕಾಳಿನ ಹಿಟ್ಟು ಹೊರಬಂದು ಎಲ್ಲ ಅಂಟಿ ಮುದ್ದೆ ಆಗ್ತಿತ್ತು. ಮುದ್ದೆಯ ನಡುವಿಗೆ ಹಬೆ ಸರಿಯಾಗಿ ಮುಟ್ಟಲ್ಲ, ಅಲ್ಲಿನ ಬ್ಯಾಕ್ಟೀರಿಯಾ ಸಾಯಲ್ಲ. ಟ್ರೈಕೋಡರ್ಮಾಕ್ಕೆ ಗಾಳಿಯೂ ಸಿಗಲ್ಲ. ಈ ಸಲ ರಾತ್ರಿ ನೆನೆಸಿ, 15 ನಿಮಿಷ ಮಾತ್ರ ಕುದಿಸಿ, ಸಿಪ್ಪೆ ಒಡೆಯುವ ಮುಂಚೆ ಬಸಿದೆ. ಹಳೇ ಪಂಚೆಯ ಮೇಲೆ ಹರವಿ ಫ್ಯಾನ್ ಹಾಕಿದೆ. ಕೈಗೆ ನೀರು ಹತ್ತದಷ್ಟು ಆರಿದ ಮೇಲೆ ಕಾಳು ಅಂಟದಿರಲಿ ಅಂತ ಒಂದು ಚಮಚ ಜಿಪ್ಸಂ ಬೆರೆಸಿ ಚೀಲ ತುಂಬಿದೆ. ದಿನಕ್ಕೊಮ್ಮೆ ಕುಲುಕಿದೆ. ಎಂಟನೇ ದಿನ ಹಸಿರು. ಆರಿಸಿದ್ದರಿಂದ ಬಂತೋ ಜಿಪ್ಸಂನಿಂದಲೋ ಗೊತ್ತಿಲ್ಲ. ಎರಡೂ ಒಟ್ಟಿಗೆ ಬದಲಿಸಿದ ಬುದ್ಧಿವಂತ ನಾನು.

ನಡುವೆ ಇನ್ನೊಂದು ಹುಚ್ಚು ಹತ್ತಿದೆ. ಡಿಸೆಂಬರ್‌ನಲ್ಲಿ ತೊಗರಿ ಗಿಡದ ಮೇಲೆ ಒಂದು ಕಾಯಿಕೊರಕ ಹುಳು ಸೆಟೆದು ಸತ್ತಿತ್ತು. ಮೈಯೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಅಲ್ಲಲ್ಲಿ ತಿಳಿ ಹಸಿರು. ಹುಳುವನ್ನು ಕೊಲ್ಲುವ ಬೂಷ್ಟು ಮೆಟಾರೈಜಿಯಂ ರೈಲೇಯಿ ಇರಬೇಕು. ಹಿಂದಿನವರು ಅದನ್ನೇ ನೊಮುರಿಯಾ ಅಂತಿದ್ದರು. ಬೆಂಕಿಪೊಟ್ಟಣದಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ಮುಂದಿನ ಸರದಿ ಅದರದು, ಈ ಸಲ ಅಕ್ಕಿ ನುಚ್ಚಿನ ಮೇಲೆ.

ಈಗ ಹಸಿರು ಹಿಡಿದ ಜೋಳವನ್ನು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ಹಸಿ ಗೋಣಿ ಮುಚ್ಚಿ ಬೇವಿನ ನೆರಳಲ್ಲಿ ಬಿಟ್ಟಿದ್ದೇನೆ. 15 ದಿನ ಬೇಕು. ಬೀಜಕ್ಕೆ ಕಾರ್ಬೆಂಡಜಿಂ (ಬೂಷ್ಟು ಕೊಲ್ಲುವ ಔಷಧ) ಹಚ್ಚಬೇಡ ಅಂತ ಅಪ್ಪನನ್ನು ಒಪ್ಪಿಸಿದೆ, ಇಲ್ಲಾಂದರೆ ಸಾಕಿದ್ದನ್ನು ನಾವೇ ಕೊಂದ ಹಾಗೆ. ಹೋಲಿಸಿ ನೋಡೋಕೆ ನಾಲ್ಕು ಸಾಲಿಗೆ ಈ ಗೊಬ್ಬರ ಹಾಕದೆ ಹಾಗೇ ಬಿಡೋಣ ಅಂದಿದ್ದಕ್ಕೆ ಮಾತ್ರ ಅಪ್ಪನಿಗೆ ಸಿಟ್ಟು ಬಂತು. "ಆ ನಾಲ್ಕು ಸಾಲು ಏನ್ ಪಾಪ ಮಾಡ್ಯಾವ?" ಅಂತ. ಚೌಕಾಸಿ ಮಾಡಿ, ಬದುವಿನ ಪಕ್ಕ ಎರಡು ಸಾಲಿಗೆ ಇಳಿಸಿದ್ದೇವೆ.